ಪ್ರತಿಕ್ರಿಯೆ: ಜಿಮ್ನಿಗೆ ಅಗಲವಾದ ಅಲಾಯ್ ಚಕ್ರ ಬೇಕೇ?
ಮಾನ್ಯರೇ, ಕಾಫಿ ತೋಟದ ಕಚ್ಚಾ ದಾರಿಯಲ್ಲಿ ಓಡುವ ನಿಮ್ಮ ಮಾರುತಿ ಜಿಮ್ನಿಗೆ 16 ಇಂಚಿನ, 7 ಇಂಚು ಅಗಲದ, ಮೈನಸ್ 10 ಆಫ್‌ಸೆಟ್‌ನ (ಗಾಡಿಗೆ ಕೂರುವ ಮೈ ರಿಮ್‌ನ ನಡುಗೆರೆಯಿಂದ ಎಷ್ಟು ಮಿ.ಮೀ. ದೂರವಿದೆ ಎಂಬ ಅಳತೆ; ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ) ಅಲಾಯ್ ಹಾಕಿಸಬಹುದೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಬೇಡ.

ಕಂಪನಿಯ ಚಕ್ರ 15 ಇಂಚಿನದು, ಅಗಲ 5.5 ಇಂಚು, ಆಫ್‌ಸೆಟ್ ಪ್ಲಸ್ 5. ನೀವು ಆರಿಸಿರುವ ಚಕ್ರದಲ್ಲಿ ಅಗಲದಿಂದ 19 ಮತ್ತು ಆಫ್‌ಸೆಟ್‌ನಿಂದ 15, ಒಟ್ಟು 34 ಮಿ.ಮೀ.ನಷ್ಟು ಹೊರ ಅಂಚು ಆಚೆಗೆ ಸರಿಯುವುದರಿಂದ ಬೇರಿಂಗ್ ಮೇಲಿನ ಹೊರೆ ಹೆಚ್ಚಿ, ಗುಂಡಿಗೆ ಬಿದ್ದಾಗಲೆಲ್ಲ ಸ್ಟಿಯರಿಂಗ್ ಕೈಯನ್ನು ಎಳೆಯುತ್ತದೆ. ಕೆಸರು ಬಾಗಿಲಿಗೆ ಸಿಡಿಯುವುದಂತೂ ಖಚಿತ. ಐದು ಬೋಲ್ಟ್‌ಗಳ 139.7 ಮಿ.ಮೀ. ಪಿಸಿಡಿ (ಬೋಲ್ಟ್‌ಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ) ಹೊಂದಿದರಷ್ಟೇ ಸಾಲದು, ಚಕ್ರದ ನಡುರಂಧ್ರ ಕೂರುವ ಜಿಮ್ನಿಯ ಹಬ್‌ನ ವ್ಯಾಸ ಸುಮಾರು 108 ಮಿ.ಮೀ. ಇರುವುದರಿಂದ ಬೇರೆ ಗಾಡಿಗೆಂದು ಮಾಡಿದ ರಿಮ್ ಅದರ ಮೇಲೆ ಕೂರದೆಯೇ ಹೋಗಬಹುದು.

15 ಇಂಚನ್ನೇ ಉಳಿಸಿಕೊಂಡು 215/75 ಟೈರ್ (ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 75) ಹಾಕಿಸಿದರೆ ಕಂಪನಿಯ ಟೈರ್‌ಗಿಂತ ಟೈರ್‌ನ ಒಟ್ಟು ಎತ್ತರ ಹೆಚ್ಚುವುದು ಸುಮಾರು 10 ಮಿ.ಮೀ. ಮಾತ್ರ, ಗಾಳಿ ಇಳಿಸಿದಾಗ ಕಲ್ಲಿನ ಪೆಟ್ಟು ತಾಳಲು ಬೇಕಾದ ದಪ್ಪ ಪಕ್ಕೆಯೂ ಉಳಿಯುತ್ತದೆ. ನೋಟಕ್ಕೆ ಸಾಧಾರಣವೆನಿಸಿದರೂ ಸ್ಟೀಲ್ ರಿಮ್ಮೇ ನಿಮಗೆ ಒಳ್ಳೆಯದು: ಪೆಟ್ಟು ಬಿದ್ದರೆ ಅದು ಸಾಮಾನ್ಯವಾಗಿ ಬಾಗುತ್ತದೆ, ಅಲಾಯ್ ಸೀಳುವ ಸಂಭವವೇ ಹೆಚ್ಚು. ಅಲಾಯ್ ಬೇಕೇಬೇಕೆಂದರೆ ರಿಮ್‌ನ ಹಿಂಬದಿಯಲ್ಲಿ ಅಚ್ಚಾಗಿರುವ ಭಾರಮಿತಿಯನ್ನು ಓದಿ, ತುಂಬಿದ ಗಾಡಿಯ ಆಕ್ಸಲ್ ತೂಕದ ಅರ್ಧಕ್ಕಿಂತ ಅದು ಹೆಚ್ಚಿದೆಯೇ ಎಂದು ನೋಡಿಕೊಂಡೇ ಹಣ ಕೊಡಿ.