ಅಜ್ಜನ ಪ್ರಶ್ನೆಗೆ ಮೊದಲು ಉತ್ತರ ಕೊಡಿ

ನಮಸ್ಕಾರ. ಉಪಗ್ರಹಗಳು ಮತ್ತು ಬಾಹ್ಯಾಕಾಶದ ಕಸದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸಾಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಮನುಷ್ಯನ ಕುತೂಹಲ, ವಿಜ್ಞಾನದ ನಾಗಾಲೋಟ, ಇದನ್ನೆಲ್ಲ ಯಾರು ಬೇಕಾದರೂ ಬರೆಯುತ್ತಾರೆ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ಹಾಸನದ ನಿಮ್ಮ ಮನೆಯ ತಾರಸಿ, ಆಗತಾನೇ ಕತ್ತಲಾದ ಹೊತ್ತು, ಮಿನುಗದೆ ಸುಮ್ನೆ ಸರಿದುಹೋಗುವ ಒಂದು ಚುಕ್ಕಿ, ಅದನ್ನು ನೋಡಿ ನಿಮ್ಮ ಅಜ್ಜ 'ಅದ್ಯಾಕೆ ಕೆಳಗೆ ಬೀಳಲ್ಲ?' ಅಂತ ಕೇಳುವುದು. ಎಷ್ಟು ಒಳ್ಳೆಯ ಪ್ರಶ್ನೆ!

ಆದರೆ ಮುಂದಿನ ಸಾಲಿನಲ್ಲೇ ಎಡವಿದ್ದೀರಿ. 'ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೆ ತೇಲುತ್ತದೆ' ಎಂದಿದ್ದೀರಿ. ಇದು ತಪ್ಪು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲೂ ಭೂಮಿಯ ಎಳೆತ ನೆಲದ ಮೇಲಿನದರ ಸುಮಾರು ಶೇ. 90ರಷ್ಟು ಇರುತ್ತದೆ. ಅಜ್ಜನಿಗೆ ಹೇಳಬೇಕಾದ ಉತ್ತರ ಬೇರೆ: ಅದು ಬೀಳ್ತಾನೇ ಇದೆ. ಕೈಯಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಬೀಳುತ್ತದೆ. ಭೂಮಿ ದುಂಡಗಿರುವುದರಿಂದ ಸುಮಾರು 8 ಕಿ.ಮೀ. ಮುಂದೆ ಹೋದರೆ ನೆಲವೂ ಅಷ್ಟೇ 5 ಮೀಟರ್ ಕೆಳಗೆ ಬಾಗಿರುತ್ತದೆ. ಅಂದರೆ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಅಡ್ಡಕ್ಕೆ ಓಡುವ ವಸ್ತು ಎಷ್ಟು ಬಿದ್ದರೂ, ಗಾಳಿ ತಡೆಯದಿದ್ದರೆ, ನೆಲ ಅದಕ್ಕೆ ಸಿಗುವುದೇ ಇಲ್ಲ. ಇಷ್ಟೇ ಕಕ್ಷೆ. ಇದನ್ನು ನಿಧಾನವಾಗಿ, ಅಜ್ಜನಿಗೇ ಹೇಳುವ ಹಾಗೆ ಬರೆಯಿರಿ.

ಇದು ಓದುಗರಿಗೆ ಹಿಡಿಸಿತು ಅಂದರೆ ಕಸದ ಕಥೆ ಅರ್ಧ ಹೇಳಿದ ಹಾಗೆಯೇ. ಉಪಗ್ರಹ ಬೀಳದಿರುವುದಕ್ಕೆ ಯಾವುದು ಕಾರಣವೋ, ಕೆಟ್ಟುಹೋದ ಉಪಗ್ರಹವೂ ಅದರಿಂದ ಕಳಚಿದ ಬೋಲ್ಟೂ ಬೀಳದಿರುವುದಕ್ಕೆ ಅದೇ ಕಾರಣ. ನೀವು 'ಭಯಾನಕ' ಅನ್ನುವ ಪದ ಒಂಬತ್ತು ಸಲ ಬಳಸಿದ್ದೀರಿ. ಬದಲಿಗೆ ಒಂದು ಲೆಕ್ಕ ಕೊಡಿ. ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಬಂದು ಬಡಿಯುವ ಒಂದು ಗ್ರಾಂ ಲೋಹದ ಚೂರಿಗೆ, ಗಂಟೆಗೆ 36 ಕಿ.ಮೀ. ವೇಗದಲ್ಲಿ ಬರುವ ಒಂದು ಟನ್ ತೂಕದ ಕಾರಿನಷ್ಟೇ ಶಕ್ತಿ ಇರುತ್ತದೆ. 2009ರ ಫೆಬ್ರವರಿ 10ರ ಡಿಕ್ಕಿಯನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಅದಕ್ಕೆ ಒಂದು ಪುಟ ಕೊಡಿ. ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ-33ಕ್ಕೆ ಎಷ್ಟೋ ವರ್ಷಗಳಿಂದ ಸತ್ತುಬಿದ್ದಿದ್ದ ರಷ್ಯಾದ ಕಾಸ್ಮಾಸ್-2251 ಬಂದು ಬಡಿಯಿತು. ಎರಡು ಉಪಗ್ರಹ ಹೋಗಿ ಕಣ್ಣಿಡಬೇಕಾದಷ್ಟು ದೊಡ್ಡ ತುಂಡುಗಳೇ ಎರಡು ಸಾವಿರ ದಾಟಿದವು. ಒಂದೊಂದು ತುಂಡೂ ಮುಂದಿನ ಡಿಕ್ಕಿಗೆ ದಾರಿ. ನಾಸಾ ವಿಜ್ಞಾನಿ ಡೊನಾಲ್ಡ್ ಕೆಸ್ಲರ್ 1978ರಲ್ಲೇ ಎಚ್ಚರಿಸಿದ್ದು ಇದನ್ನೇ, ಅಲ್ವಾ?

'ಕಸ ಶಾಶ್ವತವಾಗಿ ಅಲ್ಲೇ ಇರುತ್ತದೆ' ಅನ್ನುವುದನ್ನೂ ತಿದ್ದಿ. ಎಷ್ಟು ಕಾಲ ಇರುತ್ತದೆ ಅನ್ನುವುದು ಎತ್ತರವನ್ನು ಅವಲಂಬಿಸಿದೆ. ಕೆಳಗಿನ ಕಕ್ಷೆಯಲ್ಲಿ ತೆಳುವಾದ ಗಾಳಿ ಇನ್ನೂ ಇರುತ್ತದೆ, ಅದು ಉಜ್ಜಿ ಉಜ್ಜಿ ವೇಗ ಕಡಿಮೆ ಮಾಡಿ ಕೆಳಗೆ ಎಳೆಯುತ್ತದೆ. 2019ರಲ್ಲಿ ನಾವು 'ಮಿಷನ್ ಶಕ್ತಿ' ಕ್ಷಿಪಣಿ ಪರೀಕ್ಷೆಯಲ್ಲಿ ನಮ್ಮದೇ ಉಪಗ್ರಹವನ್ನು ಒಡೆದದ್ದು 300 ಕಿ.ಮೀ.ಗಿಂತ ಕೆಳಗೆ. ಕೆಲವು ತುಂಡು ಮೇಲಕ್ಕೆ ಎಗರಿದರೂ ಹೆಚ್ಚಿನವು ಬೇಗ ಬಿದ್ದು ಸುಟ್ಟುಹೋದವು. ಚೀನಾ 2007ರಲ್ಲಿ ತನ್ನ ಉಪಗ್ರಹವನ್ನು ಒಡೆದದ್ದು 850 ಕಿ.ಮೀ.ಗೂ ಮೇಲೆ. ಅದರ ಚೂರುಗಳು ಇವತ್ತಿಗೂ ಸುತ್ತುತ್ತಿವೆ.

ಬೇಸರವಾದ ಮಾತೊಂದಿದೆ. ನಿಮ್ಮ ಲೇಖನದಲ್ಲಿ ಅಮೆರಿಕ, ರಷ್ಯಾ, ಚೀನಾ ಮಾತ್ರ ಕಸ ಹಾಕುತ್ತವೆ. 2001ರ ಡಿಸೆಂಬರಿನಲ್ಲಿ ನಮ್ಮ ಪಿಎಸ್ಎಲ್‌ವಿ-ಸಿ3 ರಾಕೆಟ್ಟಿನ ಕೊನೆಯ ಹಂತ ಕಕ್ಷೆಯಲ್ಲೇ ಸಿಡಿದು 300ಕ್ಕೂ ಜಾಸ್ತಿ ತುಂಡಾಯಿತು. ಇದನ್ನು ಮುಚ್ಚಿಟ್ಟರೆ ಇಸ್ರೋ ಆಮೇಲೆ ಮಾಡಿದ ಒಳ್ಳೆಯ ಕೆಲಸಕ್ಕೂ ತೂಕ ಸಿಗುವುದಿಲ್ಲ. 2024ರ ಜನವರಿ 1ರಂದು ಹಾರಿದ ಪಿಎಸ್ಎಲ್‌ವಿಯ ಕೊನೆಯ ಹಂತವನ್ನು ಅವರು ಬೇಕೆಂದೇ 350 ಕಿ.ಮೀ.ಗೆ ಇಳಿಸಿ, ಸಿಡಿಯದಿರಲೆಂದು ಉಳಿದ ಇಂಧನ ಖಾಲಿ ಮಾಡಿ, ಅದರ ಮೇಲೆ ಪ್ರಯೋಗಗಳನ್ನೂ ನಡೆಸಿದರು. ಮಾರ್ಚ್‌ನಲ್ಲಿ ಅದು ಪೆಸಿಫಿಕ್ ಸಾಗರದ ಮೇಲೆ ವಾತಾವರಣ ಹೊಕ್ಕಿತು. ಎರಡನ್ನೂ ಅಕ್ಕಪಕ್ಕ ಇಡಿ.

ಇನ್ನು ಹಾಸನ. ಅಲ್ಲೇ ಹುಟ್ಟಿ ಬೆಳೆದವರು ನೀವು, ಆದರೂ ಇಡೀ ಲೇಖನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್ ಹೆಸರೇ ಇಲ್ಲ! 36 ಸಾವಿರ ಕಿ.ಮೀ. ಎತ್ತರದಲ್ಲಿ ಸುತ್ತುವ ನಮ್ಮ ಉಪಗ್ರಹಗಳಾದ ಇನ್ಸಾಟ್, ಜಿಸ್ಯಾಟ್‌ಗಳನ್ನು ನೋಡಿಕೊಳ್ಳುವುದು ಸಾಲಗಾಮೆ ರಸ್ತೆಯ ಆ ಕೇಂದ್ರ. ಅಷ್ಟು ಎತ್ತರದಲ್ಲಿ ಎಳೆದು ಇಳಿಸಲು ಗಾಳಿ ಇಲ್ಲ. ಅದಕ್ಕೇ ಮುದಿಯಾದ ಉಪಗ್ರಹವನ್ನು ಕೊನೆಯ ಹನಿ ಇಂಧನ ಮುಗಿಯುವ ಮೊದಲೇ ಇನ್ನೂ ಮೇಲಕ್ಕೆ ತಳ್ಳಿ, ಬೇರೆಯವರ ದಾರಿ ಬಿಡಿಸುತ್ತಾರೆ. ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಹೀಗೆ ಸುಮಾರು 340 ಕಿ.ಮೀ. ಮೇಲಕ್ಕೆ ಕಳಿಸಿದರು. ದೂರದರ್ಶನದ ಉಚಿತ ಡಿಶ್ ಒಂದು ಕಾಲಕ್ಕೆ ಅದರಿಂದಲೇ ಬರುತ್ತಿತ್ತು. ನಿಮ್ಮ ಅಜ್ಜನ ಮನೆಯಲ್ಲಿ ಆ ಡಿಶ್ ಇತ್ತಾ, ಕೇಳಿ ನೋಡಿ. ಇದ್ದರೆ ಅಲ್ಲಿಂದಲೇ ಬರೆಯಲು ಶುರು ಮಾಡಿ, ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ. ನಾನೇ ಓದುತ್ತೇನೆ.