ತಡಸಲು ಬಿಲ್ಲಿಗೆ ತಡಸಲು ಪಟ್ಟಿ

ಪ್ರಶ್ನೆ: ಬಿಲ್ಲು ಮಾಡಲು ಸಾಮಿಲ್‌ನಿಂದ 6 ಅಡಿಯ ತಡಸಲು ಹಲಗೆ ತಂದಿದ್ದೇನೆ. ನಾರು ಓರೆಯಾಗಿ ಅಂಚಿಗೆ ಹೋಗಿದೆ. ಬೆನ್ನಿಗೆ (ಗುರಿಯ ಕಡೆಯ ಮೈಗೆ) ಅದೇ ಮರದ ಪಟ್ಟಿ ಅಂಟಿಸಿದರೆ ಬಿಲ್ಲು ಉಳಿದೀತೆ?
– ಓದುಗರು, ಚಿತ್ರದುರ್ಗ

ಉತ್ತರ: ಉಳಿದೀತು, ಆದರೆ ಪಟ್ಟಿಯನ್ನು ಇದೇ ಹಲಗೆಯಿಂದ ಸೀಳಬೇಡಿ. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ (ಬಿಲ್ಲು ಹಿಡಿದವರ ಕಡೆಯ ಮೈ) ಕುಗ್ಗುತ್ತದೆ. ನಾರು ಕಡಿದ ಕಡೆ ಸಿಬಿರೇಳುವುದು ಬೆನ್ನಿನಲ್ಲೇ. ತುದಿಯಿಂದ ತುದಿಗೆ ನಾರು ನೇರ ಓಡುವ ಬೇರೆ ತುಂಡು ಹುಡುಕಿ 3 ಮಿ.ಮೀ. ದಪ್ಪಕ್ಕೆ ಇಳಿಸಿ. ಎರಡನ್ನೂ ಕೆಲವು ವಾರ ಒಂದೇ ಕೋಣೆಯಲ್ಲಿ ಒಣಗಿಸಿ. ಒಂದೇ ಮರ, ಒಂದೇ ಒಣಗು ಇದ್ದರೆ ಅಂಟಿನ ಗೆರೆಗೆ ಜಗ್ಗಾಟ ಕಡಿಮೆ.

ಬಡಗಿಗಳ ಬಿಳಿ ಗೋಂದು ಬೇಡ. ದುರ್ಗದ ಬೇಸಿಗೆಗೆ ಮೆದುವಾಗಿ ಜಾರುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಎರಡೂ ಮೈಗೆ ಹಚ್ಚಿ. ಕ್ಲಾಂಪ್ ಸಾಲದಿದ್ದರೆ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸುತ್ತಿ. ನಿಜ ಹೇಳಬೇಕೆಂದರೆ ಇದೇ ವಾಸಿ, ಒತ್ತಡ ಎಲ್ಲೆಡೆ ಸಮ ಬೀಳುತ್ತದೆ. ತೀರಾ ಹಿಂಡಿದರೆ ಮಾತ್ರ ಎಪಾಕ್ಸಿಯೆಲ್ಲ ಹೊರಬಂದು ಜೋಡಣೆ ಸಡಿಲ. 24 ಗಂಟೆ ಮುಟ್ಟಬೇಡಿ.

ಆಮೇಲೆ ಕೀಸುವುದೆಲ್ಲ ಹೊಟ್ಟೆಯ ಕಡೆ. ಬೆನ್ನಿನ ಅಂಚು ದುಂಡಗಾಗಲು ಉಪ್ಪುಕಾಗದ ಸಾಕು. ಒಂದೆಡೆ ಹೆಚ್ಚು ಬಾಗಿದರೆ ಆ ಜಾಗ ಬಿಟ್ಟು ಅಕ್ಕಪಕ್ಕ ಕೀಸಿ. ಹೊಟ್ಟೆಯ ಮೇಲೆ ಕೂದಲೆಳೆಯಂಥ ಅಡ್ಡ ಸುಕ್ಕು ಕಂಡರೆ ಅಲ್ಲಿ ನಾರು ಕುಸಿದಿದೆ ಎಂದರ್ಥ, ಮುಂದೆ ಎಳೆಯಬೇಡಿ.