ಓದುಗರ ಪ್ರಶ್ನೆ: ನೆರಳಿಲ್ಲದ ಮಧ್ಯಾಹ್ನ, ಭರಣಿ ಮಳೆ, ಸಿಡಿಲು

ಬೇಸಿಗೆ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆ. ಎಲ್ಲರ ಕಣ್ಣೂ ಆಕಾಶದ ಮೇಲೆ. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಸಿಡಿಲಿನ ಬಗ್ಗೆ ಬರೆದ ಉತ್ತರ ಉದ್ದವಾಗಿದೆ, ಬೇಕೆಂದೇ ಉದ್ದ ಮಾಡಿದ್ದೇನೆ. ಅದೊಂದನ್ನು ಮನೆಯವರಿಗೆಲ್ಲ ಓದಿ ಹೇಳಿ.

ಪ್ರಶ್ನೆ: ಏಪ್ರಿಲ್ 24ರ ಮಧ್ಯಾಹ್ನ ನೆರಳು ಮಾಯವಾಗುತ್ತದೆ ಎಂದು ಟೀವಿಯಲ್ಲಿ ಹೇಳಿದರು. ನಾನು ತಾರಸಿ ಮೇಲೆ ನೀರಿನ ಬಾಟಲಿ ನಿಲ್ಲಿಸಿ ನೋಡಿದೆ. ನೆರಳು ಚಿಕ್ಕದಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಯಾಕೆ?
— ಏಳನೇ ತರಗತಿ ವಿದ್ಯಾರ್ಥಿನಿ, ಹುಬ್ಬಳ್ಳಿ

ನೀನು ನೋಡಿದ್ದು ಸರಿಯಾಗಿಯೇ ಇದೆ ಪುಟ್ಟಿ. ಟೀವಿಯವರು ಹೇಳಿದ್ದು ಬೆಂಗಳೂರಿನ ಲೆಕ್ಕ. ಮಾರ್ಚ್‌ 21ರ ಹೊತ್ತಿಗೆ ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ದಿನಾ ಸ್ವಲ್ಪ ಸ್ವಲ್ಪ ಉತ್ತರಕ್ಕೆ ಸರಿಯುತ್ತಾ ಬರುತ್ತಾನೆ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಅದರ ನೆತ್ತಿಗೆ ಏಪ್ರಿಲ್ 24ರ ಸುಮಾರಿಗೆ ಬರುತ್ತಾನೆ. ನಿಮ್ಮ ಹುಬ್ಬಳ್ಳಿ ಇನ್ನೂ ಎರಡು ಡಿಗ್ರಿಗಿಂತ ಜಾಸ್ತಿ ಉತ್ತರಕ್ಕಿದೆ. ಅಲ್ಲಿಗೆ ಬರುವುದು ಮೇ 2 ಅಥವಾ 3ಕ್ಕೆ. ಕಲಬುರಗಿಯವರು ಮೇ 10ರ ತನಕ ಕಾಯಬೇಕು. ದೆಹಲಿಯಲ್ಲಿ ಈ ದಿನ ಬರುವುದೇ ಇಲ್ಲ, ಯಾಕೆಂದರೆ ಸೂರ್ಯ 23.5 ಡಿಗ್ರಿಗಿಂತ ಮೇಲೆ ಹೋಗದೆ ಜೂನ್ 21ಕ್ಕೆ ವಾಪಸ್ ತಿರುಗಿಬಿಡುತ್ತಾನೆ.

ಆ ದಿನ ನೀನು ನೋಡಿದ ತುಂಡು ನೆರಳು ಬಾಟಲಿಯ ಉತ್ತರ ಬದಿಯಲ್ಲಿ ಬಿದ್ದಿರಬೇಕು, ಒಂದು ಸೆಂಟಿಮೀಟರಿನ ಆಸುಪಾಸು. ಸೂರ್ಯ ಇನ್ನೂ ನಿಮಗಿಂತ ದಕ್ಷಿಣಕ್ಕಿದ್ದ ಅಂತ ಅರ್ಥ. ಇನ್ನೊಂದು ವಿಷಯ, ಸರಿಯಾಗಿ ಹನ್ನೆರಡು ಗಂಟೆಗೆ ನೋಡಿದರೆ ಆಗಲ್ಲ. ನಮ್ಮ ಗಡಿಯಾರ ಓಡುವುದು ನಮಗಿಂತ ಪೂರ್ವಕ್ಕೆ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಾಗಾಗಿ ಸೂರ್ಯ ನೆತ್ತಿಗೆ ಬರುವಾಗ ಬೆಂಗಳೂರಿನಲ್ಲಿ 12.17 ದಾಟಿರುತ್ತದೆ, ಹುಬ್ಬಳ್ಳಿಯಲ್ಲಿ 12.26ರ ಹತ್ತಿರ. ಮಂಗಳೂರಿಗೂ ಬೆಂಗಳೂರಿಗೂ ದಿನ ಒಂದೇ, ಗಳಿಗೆ ಮಾತ್ರ ಹತ್ತು ನಿಮಿಷ ಹಿಂದೆ ಮುಂದೆ. ವಾಪಸ್ ಹೋಗುವಾಗ ಆಗಸ್ಟ್ 10ರ ಸುಮಾರಿಗೆ ಮತ್ತೆ ನಿಮ್ಮ ನೆತ್ತಿ ಮೇಲೆ ಬರುತ್ತಾನೆ, ಆದರೆ ಆಗ ಮೋಡ ಬಿಡಬೇಕಲ್ಲ. ಮುಂದಿನ ಸಲ ಮೇ ಮೊದಲ ವಾರದಲ್ಲಿ ಮೂರು ನಾಲ್ಕು ದಿನ ಸತತವಾಗಿ ನೋಡು, ಒಂದು ಹಾಳೆ ಮೇಲೆ ನೆರಳಿನ ತುದಿ ಗುರುತು ಹಾಕು.

ಪ್ರಶ್ನೆ: ತಿಂಗಳುಗಟ್ಟಲೆ ಹನಿ ಮಳೆ ಇಲ್ಲ. ಆದರೂ ನಮ್ಮ ಬೀದಿಯ ಹೊಂಗೆ ಮರ ಯುಗಾದಿ ಹೊತ್ತಿಗೆ ಚಿಗುರಿ ನಿಲ್ಲುತ್ತದೆ. ನೀರು ಎಲ್ಲಿಂದ?
— ಓದುಗರು, ತುಮಕೂರು

ಹೊಂಗೆಯ ಬೇರು ಆಳ. ಮೇಲಿನ ಮಣ್ಣು ಒಣಗಿ ಬಿರಿದರೂ ಕೆಳಗಿನ ತೇವ ಅದಕ್ಕೆ ಎಟುಕುತ್ತದೆ. ಜೊತೆಗೆ ಮರ ಒಂದು ಉಪಾಯ ಮಾಡುತ್ತದೆ. ಹಳೆಯ ಎಲೆ ಉದುರಿಸುತ್ತದೆ. ಎಲೆ ಇಲ್ಲದಿದ್ದರೆ ಆವಿಯಾಗಿ ಹೋಗುವ ನೀರು ನಿಂತುಹೋಗುತ್ತದೆ, ಉಳಿದ ನೀರು ಕಾಂಡ ಕೊಂಬೆಗಳಲ್ಲಿ ತುಂಬಿಕೊಳ್ಳುತ್ತದೆ, ಅದೇ ನೀರಿನಲ್ಲಿ ಚಿಗುರು ಒಡೆಯುತ್ತದೆ. ಎಲೆ ತಿನ್ನುವ ಹುಳಗಳ ಕಾಟ ಜೋರಾಗುವುದು ಮಳೆ ಬಿದ್ದ ಮೇಲೆ. ಅಷ್ಟರೊಳಗೆ ಎಲೆ ಬಲಿತಿದ್ದರೆ ಮರಕ್ಕೆ ಲಾಭ ಅಲ್ವಾ?

ಮೊದಲ ವಾರದ ಹೊಂಗೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಬಣ್ಣ ತಿಳಿಹಸಿರು, ಬಿಸಿಲಿಗೆ ಹಿಡಿದರೆ ನರಗಳೆಲ್ಲ ಕಾಣುತ್ತವೆ. ಹಿಂದೆಯೇ ಹೂವು, ಬೆಳಗ್ಗೆ ಮರದ ಕೆಳಗೆ ನಿಂತರೆ ಜೇನ್ನೊಣಗಳ ಸದ್ದು. ಒಂದು ಮನವಿ: ಬುಡದ ಸುತ್ತ ಸಿಮೆಂಟ್ ಬಳಿದಿದ್ದರೆ ದಯವಿಟ್ಟು ಒಡೆಸಿ. ಬಿದ್ದ ನಾಲ್ಕು ಹನಿಯಾದರೂ ಕೆಳಗಿಳಿಯಲಿ.

ಪ್ರಶ್ನೆ: "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಈಗ ಮಳೆ ಲೆಕ್ಕವೇ ತಪ್ಪಿದೆ. ಈ ಮಾತು ನಂಬಿ ಕೂರಬಹುದಾ?
— ರೈತರು, ದಾವಣಗೆರೆ ಜಿಲ್ಲೆ

ಮಾತಿನಲ್ಲಿ ಹುರುಳಿದೆ, ಆದರೆ ಅದು ಹವಾಮಾನದ ಮುನ್ಸೂಚನೆ ಅಲ್ಲ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದ ಕ್ಯಾಲೆಂಡರ್. 27 ನಕ್ಷತ್ರ, ಒಂದೊಂದರಲ್ಲಿ ಸೂರ್ಯ 13-14 ದಿನ. ಅಶ್ವಿನಿ ಏಪ್ರಿಲ್ ನಡುವಿಗೆ, ಭರಣಿ ಏಪ್ರಿಲ್ 27ರ ಸುಮಾರಿಗೆ, ಕೃತ್ತಿಕಾ ಮೇ 11ಕ್ಕೆ, ರೋಹಿಣಿ ಮೇ 25ಕ್ಕೆ ಶುರುವಾಗುತ್ತವೆ. ಆ ಹೊತ್ತಿಗೆ ಮಳೆ ಬಂದೇ ಬರುತ್ತದೆ ಎಂದು ಯಾವ ನಕ್ಷತ್ರವೂ ಹೇಳುವುದಿಲ್ಲ. ಬಂದರೆ ಏನು ಮಾಡಬೇಕು ಎಂಬುದನ್ನು ಹಿರಿಯರು ಗಾದೆಯಲ್ಲಿ ಕಟ್ಟಿಟ್ಟರು.

ಭರಣಿಯಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ನೆಲಕ್ಕೆ ಹದ ಬರುತ್ತದೆ, ನೇಗಿಲು ಇಳಿಯುತ್ತದೆ. ಆಗ ಉಳುಮೆ ಮಾಡಿದರೆ ಮಣ್ಣಿನೊಳಗೆ ಅಡಗಿದ್ದ ಹುಳಗಳ ಕೋಶ ಮೇಲೆ ಬಂದು ಬಿಸಿಲಿಗೆ ಸಾಯುತ್ತವೆ, ಉಳಿದದ್ದನ್ನು ನೇಗಿಲ ಹಿಂದೆಯೇ ನಡೆದು ಬರುವ ಬೆಳ್ಳಕ್ಕಿಗಳು ಹೆಕ್ಕುತ್ತವೆ, ಮುಂದೆ ಬರುವ ಮಳೆ ಹರಿದು ಹೋಗದೆ ಹೊಲದಲ್ಲೇ ಇಂಗುತ್ತದೆ. ಬೆಳೆ ಬರುವುದು ಆ ಉಳುಮೆಯಿಂದ.

ಲೆಕ್ಕ ತಪ್ಪಿದೆ ಎನ್ನುವ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಎರಡೇ ಬೇಸಿಗೆ ನೆನಪಿಸಿಕೊಳ್ಳಿ. 2024ರಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಬೇಕಾಯಿತು. ಮರುವರ್ಷ ಎಲ್ಲ ಉಲ್ಟಾ. ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳ ಮುಟ್ಟುವ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ. ಅಂದರೆ ಕೃತ್ತಿಕಾ ಮುಗಿಯುವ ಮುಂಚೆಯೇ. ಕೆಆರ್‌ಎಸ್ ಅಣೆಕಟ್ಟು ಜೂನ್ ತಿಂಗಳಲ್ಲೇ 124.80 ಅಡಿ ಮುಟ್ಟಿತು, ಅದರ ಇತಿಹಾಸದಲ್ಲಿ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಹಾಗಾಗಿ ನಕ್ಷತ್ರ ನೋಡಿ ಹೊಲ ಸಿದ್ಧ ಮಾಡಿಕೊಳ್ಳಿ, ಬಿತ್ತನೆಗೆ ಮಾತ್ರ ಮುನ್ಸೂಚನೆ ಕೇಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ ಇರುವುದೇ ಇದಕ್ಕೆ.

ಪ್ರಶ್ನೆ: ಪ್ರತಿ ವರ್ಷ ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸಿಡಿಲಿಗೆ ಕುರಿ ಕಾಯುವವರು, ಕುರಿಗಳು ಸತ್ತ ಸುದ್ದಿ. ಮುಂಗಾರಿನಲ್ಲಿ ಇಷ್ಟು ಸಿಡಿಲು ಇರಲ್ಲ ಅಲ್ವಾ? ಹೊಲದಲ್ಲಿದ್ದಾಗ ಏನು ಮಾಡಬೇಕು?
— ಓದುಗರು, ವಿಜಯಪುರ ಜಿಲ್ಲೆ

ನಿಮ್ಮ ಗಮನಿಕೆ ಸರಿ. ಬೇಸಿಗೆಯಲ್ಲಿ ನೆಲ ಕಾದು ಬಿಸಿ ಗಾಳಿ ರಭಸದಿಂದ ಮೇಲೇರುತ್ತದೆ, ತೇವ ಸಿಕ್ಕರೆ ಮಧ್ಯಾಹ್ನದ ಮೇಲೆ ಮೋಡ ಹತ್ತು ಕಿಲೋಮೀಟರಿಗಿಂತ ಎತ್ತರಕ್ಕೆ ಬೆಳೆಯುತ್ತದೆ. ಅದರೊಳಗೆ ಹಿಮದ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ ಹುಟ್ಟುತ್ತದೆ. ಮುಂಗಾರಿನ ಮೋಡ ಅಗಲ ಜಾಸ್ತಿ, ಈ ರಭಸ ಕಡಿಮೆ.

ಈಗ ಮುಖ್ಯ ಮಾತು. ಮಿಂಚು ಕಂಡ ತಕ್ಷಣ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಮೇಲೇ ಬೀಳಬಹುದು. ಮಳೆ ಬರಲಿ ಆಮೇಲೆ ಹೋದರಾಯಿತು ಎಂದು ಕಾಯಬೇಡಿ. ಹೊಲದಲ್ಲಿದ್ದವರಿಗೆ ಗೊತ್ತು, ಬಿಸಿಲ ಧಗೆಯಲ್ಲಿ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸುತ್ತದೆ, ಧೂಳೇಳುತ್ತದೆ, ಮೈಗೆ ಹಾಯೆನಿಸುತ್ತದೆ. ಆ ಗಳಿಗೆಯೇ ಹೊರಡುವ ಹೊತ್ತು. ಕಟ್ಟಿದ ಮನೆಯೊಳಗೆ ಹೋಗಿ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸಿನೊಳಗೆ. ಬೈಕ್, ತೆರೆದ ಟ್ರ್ಯಾಕ್ಟರ್, ನಾಲ್ಕು ಕಂಬದ ತಗಡಿನ ಚಪ್ಪರ ಯಾವುದೂ ಕಾಯುವುದಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಹೊರಗೆ ಬರಬೇಡಿ.

ಒಂಟಿ ಮರದ ಕೆಳಗೆ ನಿಲ್ಲಲೇಬೇಡಿ. ಬಯಲಿನಲ್ಲಿ ಒಂದೇ ಒಂದು ಬೇವಿನ ಮರ ಇದ್ದರೆ ಜನ, ಕುರಿ ಎಲ್ಲ ಅಲ್ಲೇ ಸೇರುತ್ತಾರೆ, ಸಾವು ಅಲ್ಲೇ ಆಗುತ್ತದೆ. ಸಿಡಿಲು ಮರಕ್ಕೆ ಬಡಿದು ಬುಡದಿಂದ ನೆಲದಲ್ಲಿ ಸುತ್ತ ಹರಡುತ್ತದೆ. ಕುರಿಯ ಮುಂಗಾಲು, ಹಿಂಗಾಲಿನ ನಡುವೆ ದೂರ ಇರುವುದರಿಂದ ವಿದ್ಯುತ್ ಒಂದು ಕಾಲಿನಿಂದ ಹತ್ತಿ ಎದೆ ದಾಟಿ ಇನ್ನೊಂದರಿಂದ ಇಳಿಯುತ್ತದೆ. ಒಂದೇ ಸಿಡಿಲಿಗೆ ಇಡೀ ಹಿಂಡು ಬೀಳುವುದು ಹೀಗೆ. ಎಲ್ಲಿಗೂ ಓಡಲು ಆಗದಿದ್ದರೆ ಮರ, ಕಂಬ, ತಂತಿ ಬೇಲಿಯಿಂದ ದೂರ ಬಂದು, ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ. ಮಲಗಬೇಡಿ. ಗುಂಪಿನಲ್ಲಿದ್ದರೆ ದೂರ ದೂರ ಕೂರಿ. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಅಷ್ಟೇ. ಪೂರ್ತಿ ಹೋಗುವುದಿಲ್ಲ.

ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬುದು ಸುಳ್ಳು. ಚಾರ್ಜಿಗೆ ಹಾಕಿಕೊಂಡು ಮಾತಾಡುವುದು ಮಾತ್ರ ಬೇಡ. ಮೊಬೈಲಿನಲ್ಲಿ 'ಸಿಡಿಲು', 'ದಾಮಿನಿ' ಆ್ಯಪ್‌ಗಳನ್ನು ಹಾಕಿಕೊಳ್ಳಿ. ಮೊದಲನೆಯದು ನಮ್ಮ ರಾಜ್ಯದ್ದು, ಎರಡನೆಯದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದ್ದು. ಹತ್ತಿರದಲ್ಲಿ ಸಿಡಿಲಿದ್ದರೆ ಎಚ್ಚರಿಸುತ್ತವೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಹಾಗೇನೂ ಇಲ್ಲ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. 108ಕ್ಕೆ ಫೋನ್ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು, ಐದು ಸೆಂಟಿಮೀಟರ್ ಇಳಿಯುವಷ್ಟು ಜೋರಾಗಿ, ನಿಮಿಷಕ್ಕೆ ನೂರು ಸಲಕ್ಕೆ ಕಡಿಮೆಯಿಲ್ಲದಂತೆ ಒತ್ತುತ್ತಲೇ ಇರಿ. ನಿಂತ ಹೃದಯ ಮತ್ತೆ ಶುರುವಾಗಿ ಬದುಕಿದವರಿದ್ದಾರೆ.

ಪ್ರಶ್ನೆ: ಬೆಳಗಿನ ಜಾವ ನಾಲ್ಕಕ್ಕೇ ಕೋಗಿಲೆ ಶುರು ಮಾಡುತ್ತದೆ. ಹೆಣ್ಣು ಕೋಗಿಲೆ ಹಾಡುವುದು ಎನ್ನುತ್ತಾರೆ, ನಿಜವಾ?
— ಓದುಗರು, ಮೈಸೂರು

ಕುಹೂ ಎನ್ನುವುದು ಗಂಡು. ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣಿನ ಮೈ ಕಂದು, ತುಂಬಾ ಬಿಳಿ ಚುಕ್ಕೆ, ಅದರ ಕೂಗು ಕಿಕ್ ಕಿಕ್ ಕಿಕ್ ಎಂದು ಚುರುಕು. ಮೊಟ್ಟೆ ಇಡುವುದು ಕಾಗೆ ಗೂಡಿನಲ್ಲಿ. ಜೂನ್‌, ಜುಲೈನಲ್ಲಿ ಕಾಗೆಗಳ ಹಿಂದೆ ಬಾಯಿ ತೆರೆದು ಅಲೆಯುವ ಮರಿಗಳನ್ನು ಸರಿಯಾಗಿ ನೋಡಿ, ಅದರಲ್ಲಿ ಕೋಗಿಲೆ ಮರಿ ಸಿಗಬಹುದು.

ಪ್ರಶ್ನೆ: ಕಲಬುರಗಿಯಲ್ಲಿ 41 ಡಿಗ್ರಿ ಇದ್ದಾಗಲೂ ತಡೆದುಕೊಂಡಿದ್ದೆ. ವರ್ಗವಾಗಿ ಮಂಗಳೂರಿಗೆ ಬಂದೆ, ಇಲ್ಲಿ 34ಕ್ಕೇ ಸುಸ್ತು. ನನಗೆ ವಯಸ್ಸಾಯಿತಾ?
— ಸರ್ಕಾರಿ ನೌಕರರು, ಮಂಗಳೂರು

ವಯಸ್ಸಲ್ಲ, ಗಾಳಿಯ ತೇವ. ಬೆವರು ಬಂದರೆ ಸಾಲದು, ಆರಬೇಕು. ಆರುವಾಗಲೇ ಮೈ ತಂಪಾಗುವುದು. ಕಲಬುರಗಿಯ ಒಣ ಗಾಳಿ ಬೆವರನ್ನು ತಕ್ಷಣ ಹೀರುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಬೆವರು ಸುಮ್ನೆ ಇಳಿದು ಹೋಗುತ್ತದೆ. ಹವಾಮಾನ ಇಲಾಖೆಯೂ ಬಿಸಿಗಾಳಿ ಎನ್ನಲು ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಎಂದು ಬೇರೆ ಬೇರೆ ಅಳತೆ ಇಟ್ಟುಕೊಂಡಿದೆ.

ಕಲಬುರಗಿಯಲ್ಲಿ ನಿಮಗೆ ಇನ್ನೊಂದು ಅನುಕೂಲವಿತ್ತು. ಏಪ್ರಿಲ್, ಮೇನಲ್ಲಿ ಆ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ. ರಸ್ತೆ ಕೆಲಸದವರಿಗೆ, ಕಟ್ಟಡದ ಕೂಲಿಯವರಿಗೆ, ಡೆಲಿವರಿ ಹುಡುಗರಿಗೂ ಅಂಥದ್ದೊಂದು ಆದೇಶ ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಯಾರಿಗಾದರೂ ಮೈ ಸುಡುತ್ತಿದ್ದು, ಮಾತು ತಡವರಿಸುತ್ತಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಕರೆತಂದು ಮೈಮೇಲೆ ನೀರು ಸುರಿಯುತ್ತಾ, ಗಾಳಿ ಬೀಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಮಕ್ಕಳ ರಜೆ ಮುಗಿಯುವುದರೊಳಗೆ ಜೋಗಕ್ಕೆ ಹೋಗಬೇಕೆಂದಿದ್ದೇವೆ. ಮೇನಲ್ಲಿ ನೀರು ಇರುತ್ತದಾ?
— ಓದುಗರು, ಚಿತ್ರದುರ್ಗ

ಫೋಟೋದಲ್ಲಿ ಕಾಣುವ ಜೋಗ ಸಿಗುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿ ನೀರು ವಿದ್ಯುತ್ತಿಗಾಗಿ ಮೇಲೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತೆಳ್ಳಗೆ ಇಳಿಯುತ್ತವೆ. ಆದರೆ 830 ಅಡಿಯ ಆ ಬಂಡೆ ಪೂರ್ತಿ ಕಾಣುವುದು ಈಗಲೇ, ನನಗೆ ಅದೂ ಇಷ್ಟ. ನೀರು ನೋಡಬೇಕೆಂದರೆ ಆಗಸ್ಟ್‌ಗೆ ಇಟ್ಟುಕೊಳ್ಳಿ. ಚಾರಣದ ಯೋಚನೆಯಿದ್ದರೆ ಮೊದಲು ವಿಚಾರಿಸಿ, ಕಾಳ್ಗಿಚ್ಚಿನ ಭಯಕ್ಕೆ ಪಶ್ಚಿಮಘಟ್ಟದ ಹಲವು ದಾರಿಗಳನ್ನು ಅರಣ್ಯ ಇಲಾಖೆ ಬೇಸಿಗೆಯಲ್ಲಿ ಮುಚ್ಚುತ್ತದೆ.

ಪ್ರಶ್ನೆ: ಕಾರಿನಲ್ಲಿ ಊಟಿಗೆ ಹೊರಟಿದ್ದೇವೆ. ಬಿಸಿಲಿಗೆ ಟಯರ್ ಒಡೆಯದಿರಲು ಗಾಳಿ ಕಡಿಮೆ ಇಡಬೇಕು ಎನ್ನುತ್ತಾರೆ. ಸರಿಯಾ? ಬಿಸಿಲು ತಪ್ಪಿಸಲು ರಾತ್ರಿಯೇ ಹೊರಡೋಣ ಅಂತಿದ್ದೇವೆ.
— ಓದುಗರು, ಮಂಡ್ಯ

ಎರಡೂ ಬೇಡ. ಗಾಳಿ ಕಡಿಮೆ ಇದ್ದರೆ ಟಯರಿನ ಪಕ್ಕ ಹೆಚ್ಚು ಮಡಚಿ ಬಿಚ್ಚಿ ಇನ್ನಷ್ಟು ಕಾಯುತ್ತದೆ, ಒಡೆಯುವ ಸಂಭವ ಜಾಸ್ತಿ. ಕಾರಿನ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ ಇಡಿ, ಬೆಳಗ್ಗೆ ಟಯರ್ ತಣ್ಣಗಿದ್ದಾಗ ನೋಡಿಸಿ.

ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ಬಂದ್. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಅದಕ್ಕೆ. ಹಗಲಲ್ಲೂ ನಿಧಾನ ಹೋಗಿ. ಬೇಸಿಗೆಯಲ್ಲಿ ಆನೆಗಳು ನೀರು ಹುಡುಕಿಕೊಂಡು ರಸ್ತೆ ದಾಟುತ್ತವೆ. ಗಾಡಿ ನಿಲ್ಲಿಸಿ ಫೋಟೋ ತೆಗೆಯಬೇಡಿ, ಜಿಂಕೆ, ಕೋತಿಗೆ ತಿಂಡಿ ಎಸೆಯಬೇಡಿ. ಊಟಿಗೆ 2024ರ ಮೇ 7ರಿಂದ ಇ-ಪಾಸ್ ಜಾರಿಗೆ ಬಂದಿದೆ, ಹೊರಡುವ ಮುಂಚೆ ಮೊಬೈಲಿನಲ್ಲೇ ಮಾಡಿಸಿಕೊಳ್ಳಿ. ಬೆಳಗ್ಗೆ ನಾಲ್ಕಕ್ಕೆ ಮಂಡ್ಯ ಬಿಟ್ಟರೆ ಗೇಟು ತೆಗೆಯುವ ಹೊತ್ತಿಗೆ ಬಂಡೀಪುರದ ಹತ್ತಿರ ಇರುತ್ತೀರಿ, ಬಿಸಿಲೇರುವ ಮೊದಲೇ ಘಟ್ಟ ಹತ್ತಬಹುದು.